ಉದಗೀರದ ಮಾತಾಡುವ ಕಂಬ

ನಮ್ಮ ಕಿಟಕಿಯ ಕೆಳಗಿನ ಕಂಬ ಮರಾಠಿಯಲ್ಲಿ ಮಾತಾಡುತ್ತದೆ. "ಕೃಪಯಾ ಥಾಂಬಾ" ಎನ್ನುತ್ತದೆ, ದಯವಿಟ್ಟು ನಿಲ್ಲಿ. ದಿನವಿಡೀ, ಹೆಂಗಸಿನ ಧ್ವನಿಯಲ್ಲಿ, ಸಿಟ್ಟಿಲ್ಲದೆ. ಮದುವೆಯಾಗಿ ಉದಗೀರಕ್ಕೆ ಬಂದ ಮೇಲೆ ನನ್ನೊಂದಿಗೆ ಇಷ್ಟು ತಪ್ಪದೆ ಮಾತಾಡಿದವರು ಬೇರೆ ಯಾರೂ ಇಲ್ಲ. ಎರಡು ವರ್ಷದ ಮಗಳು ಅದನ್ನು ಕಲಿತುಬಿಟ್ಟಿದ್ದಾಳೆ. ತುತ್ತು ಬಾಯಿಗೆ ಒಯ್ದರೆ ಅಂಗೈ ಎತ್ತಿ "ಥಾಂಬಾ" ಎನ್ನುತ್ತಾಳೆ.

ಇದು ಸ್ಮಾರ್ಟ್ ಸಿಗ್ನಲ್. ಯಾವ ಕಡೆ ಗಾಡಿಗಳು ಹೆಚ್ಚಿವೆಯೋ ಕ್ಯಾಮೆರಾ ಎಣಿಸಿ, ಆ ಕಡೆಗೆ ಹೆಚ್ಚು ಹೊತ್ತು ಹಸಿರು ಕೊಡುತ್ತದಂತೆ. ಅದರ ಜೊತೆಗೆ ರಸ್ತೆಯ ನಡುವೆ ಎದೆಯೆತ್ತರದ ಕಬ್ಬಿಣದ ಬೇಲಿಯೂ ಬಂತು. ದಾಟಿದರೆ ಈ ಚೌಕಿನಲ್ಲೇ ದಾಟಬೇಕು.

ಬೇಲಿಯಾಚೆ, ನಮ್ಮ ಕಿಟಕಿಯ ಎದುರಿಗೆ, ಶಾಂತಕ್ಕನ ಮನೆ. ಕರ್ನಾಟಕದ ಔರಾದ ಕಡೆಯಿಂದ ಬಂದು, ಇಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಲೇ ಮುದುಕಿಯಾದವರು. ನನ್ನ ಗಂಡನ ಮನೆಯಲ್ಲಿ ಕನ್ನಡವು ಅಜ್ಜಿಯ ಕಾಲಕ್ಕೆ ಅಡುಗೆಮನೆಗೆ ಸರಿದು, ಅತ್ತೆಯ ಕಾಲಕ್ಕೆ ಮಂಗಳಾರತಿಯಲ್ಲಷ್ಟೇ ಉಳಿಯಿತು. ಮಧ್ಯಾಹ್ನ ಶಾಂತಕ್ಕ ಬಂದು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಾಗ ಮಾತ್ರ ಅವಳ ಕಿವಿಗೆ ನನ್ನದಲ್ಲದ ಕನ್ನಡ ಬೀಳುತ್ತಿತ್ತು. ಅವರು ದಾಟುವ ರೀತಿ ಹಳೆಯದು: ಬಲಗೈ ಎತ್ತಿ, ಯಾರನ್ನೂ ನೋಡದೆ ನಡೆಯುವುದು. ಲಾರಿಯೂ ನಿಲ್ಲುತ್ತಿತ್ತು. ಈಗ ಹಸಿರು ಸಿಕ್ಕವರು ಯಾಕೆ ನಿಲ್ಲಬೇಕು? ಶಾಂತಕ್ಕ ಬರುವುದು ನಿಂತಿತು.

"ಮದ್ಲ ಮನಷ್ಯಾಗ ಹೆದರತಿದ್ರು ತಂಗಿ. ಈಗ ದೀಪಕ್ಕ ಹೆದರತಾರ," ಎಂದರು ಫೋನಿನಲ್ಲಿ. "ನಮ್ಮ ಕೂಸು ಏನಂತಾಳ?"

"ಥಾಂಬಾ ಅಂತಾಳ್ರಿ."

ಅವರು ನಗಲಿಲ್ಲ.

ಅವರ ಡಬ್ಬಿಯೊಂದು ನನ್ನಲ್ಲೇ ಉಳಿದಿತ್ತು. ಖಾಲಿ ಡಬ್ಬಿ ತಿರುಗಿ ಕೊಡಬಾರದೆಂದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿಟ್ಟೆ. ಅದು ಕಮಟು ಹಿಡಿಯಿತು, ಮತ್ತೆ ಕುಟ್ಟಿದೆ. ಒಮ್ಮೆ ಮಗಳನ್ನು ಎತ್ತಿಕೊಂಡು ಹೊರಟೂ ಬಿಟ್ಟೆ. ನಡುಬೇಲಿ ಮುಟ್ಟುವಷ್ಟರಲ್ಲಿ ಎರಡೂ ಕಡೆ ಗಾಡಿಗಳು ನುಗ್ಗಿದವು. ಮಗಳು ಕೊರಳನ್ನು ಬಿಗಿದಪ್ಪಿದಳು. ಹೇಗೋ ಹಿಂದಿರುಗಿದೆ, ಮತ್ತೆ ಹೋಗಲಿಲ್ಲ.

ಕಲಬುರಗಿಯಲ್ಲಿ ಅವ್ವನ ಜೊತೆ ನಿರಾಳವಾಗಿ ರಸ್ತೆ ದಾಟುತ್ತಿದ್ದೆ ಎಂದು ಇಲ್ಲಿ ಬರೆದೆ, ಹೊಡೆದುಹಾಕಿದೆ. ಅವ್ವ ಮಣಿಕಟ್ಟನ್ನು ನೋವಾಗುವಷ್ಟು ಹಿಡಿಯುತ್ತಿದ್ದದ್ದೂ ನೆನಪಿದೆ. ಬಿಟ್ಟುಬಂದ ಊರಿನ ರಸ್ತೆಗಳು ನನ್ನ ತಲೆಯಲ್ಲಿ ದಿನೇ ದಿನೇ ಖಾಲಿಯಾಗುತ್ತಿವೆ. ಈ ನೆನಪನ್ನು ನಂಬಬಾರದು.

ಸಿಗ್ನಲ್ ಬಗ್ಗೆ ಜನರ ಪ್ರಶ್ನೆ ಕೇಳುವ ಸಭೆಯಿದೆ ಎಂದು ರಿಕ್ಷಾದಲ್ಲಿ ಮೈಕು ಕಟ್ಟಿ ಸಾರಿದರು. ಮಗಳನ್ನು ಗಂಡನ ಬಳಿ ಬಿಟ್ಟು ಹೋದೆ. ಜಳಕೋಟದ ರೈತರೊಬ್ಬರು ಎದ್ದು, ಕ್ಯಾಮೆರಾ ದಂಡ ಹಾಕಿದರೆ ನಂಬರಿಲ್ಲದ ತಮ್ಮ ಗಾಡಿಯ ಚೀಟಿ ಯಾವ ಎತ್ತಿನ ಹೆಸರಿಗೆ ಬರುತ್ತದೆ, ಎಡಗಡೆಯದಕ್ಕೋ ಬಲಗಡೆಯದಕ್ಕೋ ಎಂದು ಕೇಳಿದರು. ಸಭೆ ನಕ್ಕಿತು. ಚಿತ್ರಗಳನ್ನು ಯಾರು ನೋಡುತ್ತಾರೆ, ಕರೆಂಟು ಹೋದರೆ ಹೇಗೆ ಎಂದವರಿಗೆ "ನೋಂದ ಘೇತಲಿ" ಎಂಬ ಉತ್ತರ ಸಿಕ್ಕಿತು: ಬರೆದುಕೊಂಡಿದ್ದೇವೆ. ನನ್ನ ಒಡಕು ಮರಾಠಿಯಲ್ಲಿ ನಾನು, ಕ್ಯಾಮೆರಾ ನಡೆಯುವವರನ್ನೂ ಎಣಿಸುತ್ತದೆಯೇ ಎಂದೆ.

"ಅದಕ್ಕೆ ಕಂಬದಲ್ಲಿ ಬಟನ್ ಕೊಟ್ಟಿದ್ದೇವಲ್ಲ ತಾಈ, ಒತ್ತಲಿಲ್ಲವೇ?" ಎಂದರು ಎಂಜಿನಿಯರ್.

ಹಿಂದಿನಿಂದ ಯಾರೋ, "ಕರ್ನಾಟಕದವರು, ಪಾಪ, ಗೊತ್ತಿಲ್ಲ" ಎಂದರು. ಅದನ್ನು ಒತ್ತಿದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಒತ್ತದ ಉಳಿದವರ ಊರು ಮಾತ್ರ ಯಾರೂ ಎತ್ತಲಿಲ್ಲ.

ಬಟನ್ ನಿಜವಾಗಿಯೂ ಇತ್ತು. ಖಂಡೆಪೂಜೆಯ ದಿನ, ಆಯುಧಪೂಜೆಯೆಂದು, ಅಂಗಡಿಯವರು ಅದಿದ್ದ ಕಂಬದ ಹಳದಿ ಪೆಟ್ಟಿಗೆಗೂ ಪೂಜೆ ಮಾಡಿದ್ದರು. ಇಬತ್ತಿಯ ಮೂರು ಗೆರೆ, ಕುಂಕುಮ, ಒಣಗಿದ ಚೆಂಡುಹೂವಿನ ಮಾಲೆ. ಪೂಜೆಯಾದದ್ದಕ್ಕೆ ಕೈ ತಾಗಬಾರದೆಂದು ಎಲ್ಲರೂ ಸರಿದು ನಿಲ್ಲುತ್ತಿದ್ದೆವು. ಶಾಂತಕ್ಕನಿಗೆ ಫೋನು ಮಾಡಿದೆ.

"ಅಯ್ಯ, ನಮ್ ಕಡಿ ಪೆಟಗಿಗಿ ಇಬತ್ತಿ ನಾನೇ ಹಚ್ಚೀನಿ! ಕರೆಂಟಿನ ಪೆಟಗಿ, ಯಾರನ್ನೂ ಹಿಡೀಬ್ಯಾಡಪ್ಪ ಅಂತ ಕೈ ಮುಗದೀನಿ."

"ಈಗ ಅದನ್ನ ಒತ್ರಿ ಶಾಂತಕ್ಕಾ."

"ಪಾಪ ಬಂದ್ರ?"

"ನನ್ನ ಮ್ಯಾಲ ಬರಲ್ರಿ."

"ನಿನ್ನ ಹೆಸರಿಗೆ ಬರಕೊಂಡಿ ನೋಡು ಮತ್ತ!"

ಒತ್ತಿದೆವು. ಕಂಬದ ಹೆಂಗಸು ಮೊದಲ ಸಲ ಬೇರೆ ಮಾತಾಡಿದಳು: "ಆತಾ ಚಲಾ", ಈಗ ನಡೆಯಿರಿ. ಆದರೆ ಆ ಹಸಿರು ಅರ್ಧ ರಸ್ತೆಗಷ್ಟೇ ಸಾಲುತ್ತದೆ. ಉಳಿದರ್ಧಕ್ಕೆ ನಡುಬೇಲಿಯಲ್ಲಿ ಇನ್ನೊಂದು ಪೆಟ್ಟಿಗೆ ಕೂರಿಸಿದ್ದಾರೆ, ತಂತಿ ಜೋಡಿಸಿಲ್ಲ. ಕೇಳಿದೆ. ನೋಂದ ಘೇತಲಿ.

ಈಗ ಮಧ್ಯಾಹ್ನ ಅವರು ಅತ್ತಲಿಂದ, ನಾವು ಇತ್ತಲಿಂದ ಬಂದು ಬೇಲಿಯ ಸಂದಿನ ಸಿಮೆಂಟುಕಟ್ಟೆಯ ಮೇಲೆ ನಿಲ್ಲುತ್ತೇವೆ. ಡಬ್ಬಿ ಕೈ ಬದಲಾಯಿಸುತ್ತದೆ, ತುಂಬಿಯೇ. ತಿರುಗಿ ಹೋಗಲು ಬದಿಯಲ್ಲಿ ಯಾರಾದರೂ ಬಟನ್ ಒತ್ತುವವರೆಗೆ ಕಾಯಬೇಕು. ಅವ್ವನಿಗೆ ನಾನು ಉದಗೀರದವಳು, ಉದಗೀರಕ್ಕೆ ಕರ್ನಾಟಕದವಳು. ಆ ಕಟ್ಟೆಯ ಮೇಲೆ ಯಾವ ಊರಿನವಳೆಂದು ಯಾರೂ ಕೇಳುವುದಿಲ್ಲ, ಕೂರಲು ಜಾಗವೂ ಇಲ್ಲ.

ನಿನ್ನೆ ಶಾಂತಕ್ಕ ಹೊರಟಾಗ ಮಗಳು ಅಂಗೈ ಎತ್ತಿ "ಥಾಂಬಾ" ಎಂದಳು. ಹಸಿರು ಮುಗಿಯುವುದರಲ್ಲಿತ್ತು, ಅವರು ನಿಲ್ಲಲಿಲ್ಲ. ಮಗಳು ನನ್ನ ತೋಳಿನಿಂದ ಬಾಗಿ ಕೂಗಿದಳು: "ಅಜ್ಜೀ, ನಿಂದರ್!"

ಶಾಂತಕ್ಕ ನಡುರಸ್ತೆಯಲ್ಲಿ ನಿಂತು ತಿರುಗಿದರು. ಬಲಗೈ ತಾನಾಗಿ ಮೇಲೆದ್ದಿತು. ಲಾರಿ ನಿಂತಿತು. ದೀಪ ನೋಡಿ ನಿಂತಿತೋ, ಅವರ ಕೈ ನೋಡಿ ನಿಂತಿತೋ, ನಾನು ಗಮನಿಸಲಿಲ್ಲ. ಕೈ ನೋಡಿಯೇ ಎಂದು ಮುಂದೊಂದು ದಿನ ಮಗಳಿಗೆ ಹೇಳುತ್ತೇನೆ. ಯಾವ ಭಾಷೆಯಲ್ಲಿ ಹೇಳುತ್ತೇನೆ ಎಂಬುದು ಇನ್ನೂ ಗೊತ್ತಿಲ್ಲ.