ಯಾರೂ ಕರೆಯದ ಊರಿಗೆ ಟಿಕೆಟ್

ಮದುವೆಗೆ ಮುಂಚೆ ಮಾರ್ನಿ ಸ್ಯಾಂಡ್ವಿಕ್ ಬರೆದದ್ದೆಲ್ಲ ಸರೋವರದ ಮೇಲಿನ ಪದ್ಯಗಳೇ. ಸರೋವರದ ದಡದ ಡುಲೂತ್‌ನಲ್ಲಿ ಹುಟ್ಟಿದವಳಿಗೆ ಬೇರೇನು ಕಾಣುತ್ತದೆ ಎಂದು ಗೆಳತಿಯರು ರೇಗಿಸುತ್ತಿದ್ದರು. ಮಗಳು ಎಲ್ಸಿ ಹುಟ್ಟಿದ ಮೇಲೆ ಸರೋವರ ಅವಳ ಪದ್ಯಗಳಿಂದ ಹೇಳದೆ ಕೇಳದೆ ಹೊರಟುಹೋಯಿತು. ಅಡುಗೆಮನೆಯ ಕಿಟಕಿಯಿಂದ ನೀರು ಕಾಣುತ್ತಲೇ ಇತ್ತು. ಆದರೆ ಪೆನ್ನು ಹಿಡಿದರೆ ಬರುತ್ತಿದ್ದದ್ದು ಹಾಲು, ಜ್ವರ, ಒದ್ದೆ ಬಟ್ಟೆ, ಮಗುವಿನ ನೆತ್ತಿಯ ವಾಸನೆ. ಮಗ ಆರ್ಲೋ ಹುಟ್ಟಿದ ಮೇಲೆ ಪೆನ್ನು ಹಿಡಿಯುವುದೂ ನಿಂತಿತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚಮಚ. ಹೊಳೆದ ಸಾಲು ಮರೆತುಹೋಗದಿರಲೆಂದು ಪಾತ್ರೆ ತೊಳೆಯುವಾಗ, ಡಯಾಪರ್ ಬದಲಿಸುವಾಗ ಅದನ್ನೇ ಬಾಯಲ್ಲಿ ಗುನುಗುತ್ತಿದ್ದಳು. ಹೀಗೆ ಬಾಯಲ್ಲೇ ಉಳಿದ ಪದ್ಯಗಳು ಸುಮಾರಾಗಿದ್ದವು. ಎಲ್ಲವೂ ಗಿಡ್ಡ.

ಗಂಡ ಕರ್ಟ್ ಅದಿರು ಸಾಗಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಮಂಜು ಕರಗಿದಾಗ ಹೊರಟರೆ ಸರೋವರ ಹೆಪ್ಪುಗಟ್ಟುವವರೆಗೆ ಅವನ ಮುಖ ಕಾಣುವುದು ಅಪರೂಪ. ಊರಲ್ಲಿದ್ದ ಇನ್ನೊಂದು ಆಸರೆ ಅತ್ತೆ ವರ್ನಾ. ವಾರಕ್ಕೊಮ್ಮೆ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ದೊಡ್ಡ ತಟ್ಟೆ ಹಿಡಿದು ಬರುವಳು, ಜೊತೆಗೆ ಬುದ್ಧಿಮಾತನ್ನೂ ತರುವಳು. ಆ ಡಿಸೆಂಬರ್‌ನಲ್ಲಿ ಅವಳು ಚರ್ಚಿನ ಹೆಂಗಸರ ಮುಂದೆ, "ಕ್ರಿಸ್‌ಮಸ್‌ಗೆ ನನ್ನ ಸೊಸೆ ತಾಯ್ತನದ ಮೇಲೆ ಪದ್ಯ ಓದ್ತಾಳೆ" ಎಂದು ಮಾತು ಕೊಟ್ಟು ಬಂದಿದ್ದಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ, ವರ್ನಾ?"

"ಕೇಳೋದೇನು? ಇಡೀ ದಿನ ಮನೇಲೇ ಇರ್ತೀಯಲ್ಲ."

ಕಾರ್ಯಕ್ರಮ ಹತ್ತಿರ ಬಂದಿತ್ತು. ಕಂದನನ್ನು ಎತ್ತಿಕೊಂಡ ಮೇರಿಯ ಮೇಲೆ ಮಾರ್ನಿ ನಾಲ್ಕು ಸಾಲು ಜೋಡಿಸಿದ್ದಳು, ಕೊನೆಯ ಸಾಲು ಸಿಕ್ಕಿರಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮೇಲೆ ಸೂಪು ಕುದಿಯುತ್ತಿತ್ತು, ಆರ್ಲೋ ನೆಲದ ಮೇಲೆ ಅಂಬೆಗಾಲಿಡುತ್ತಿದ್ದ, ಎಲ್ಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದಳು. ಇದ್ದಕ್ಕಿದ್ದಂತೆ ಆ ಸಾಲು ನಾಲಿಗೆಯ ತುದಿಗೆ ಬಂತು.

"ಒಂದೇ ನಿಮಿಷ, ಚಿನ್ನಾ. ಮಮ್ಮಿ ಇಲ್ಲೇ ಇರ್ತಾಳೆ" ಎಂದವಳೇ ಮನೆಚಪ್ಪಲಿಯಲ್ಲೇ ಹಿತ್ತಿಲ ಜಗುಲಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು. ಚಳಿ ಮುಖಕ್ಕೆ ರಾಚಿತು. ಆದರೆ ಎಂಥ ನಿಶ್ಶಬ್ದ! ಅವಳು ಕಣ್ಣು ಮುಚ್ಚಿದಳು.

ಹಿಂದೆ ಚಿಲಕ ಬಿದ್ದ ಸದ್ದಾಯಿತು.

ಎಲ್ಸಿ ಗಾಜಿನಾಚೆ ನಗುತ್ತ ನಿಂತಿದ್ದಳು. ತಳ್ಳಿದರೆ ಸಲೀಸಾಗಿ ಕೂರುವ ಚಿಲಕ ಅದು, ಹಿಂದಕ್ಕೆಳೆಯಲು ದೊಡ್ಡವರ ಕೈಬಲವೇ ಬೇಕು. ಮೂರು ವರ್ಷದ ಬೆರಳುಗಳು ಎಳೆದವು, ಜಾರಿದವು.

"ಬರ್ತಿಲ್ಲ ಮಮ್ಮಿ."

ಮುಂಬಾಗಿಲಿಗೂ ಬೀಗ. ಫೋನು ಒಳಗೆ. ಕೂಗಿದರೆ ನೆರೆಯವರಿಗೆ ಕೇಳದಂತೆ ಗಾಳಿ ಮಾತನ್ನು ಸರೋವರದತ್ತ ಎಳೆದೊಯ್ಯುತ್ತಿತ್ತು. ಗಾಜು ಒಡೆಯೋಣವೆಂದರೆ ಆರ್ಲೋ ತೆವಳಿಕೊಂಡು ಬಂದು ಅದಕ್ಕೇ ಕೆನ್ನೆ ಒತ್ತಿ ಕೂತಿದ್ದ. ಪಕ್ಕದ ಮನೆಗೆ ಓಡೋಣವೆಂದರೆ ಎಲ್ಸಿಯ ಕಣ್ಣು ಆಗಲೇ ಒಲೆಯತ್ತ ತಿರುಗಿತ್ತು.

"ಎಲ್ಸಿ! ಇಲ್ಲಿ ನೋಡು. ಕಥೆ ಹೇಳ್ತೀನಿ, ಬಾ."

"ಕಥೆ ಬೇಡ. ಊರಿನದು ಹೇಳು."

"ಯಾವ ಊರೇ?"

"ಅದೇ, ನೀನು ಪಾತ್ರೆ ತೊಳೀತಾ ಹೇಳ್ತೀಯಲ್ಲ, ಅದು." ಮಗು ಶಿಶುಪದ್ಯದಂತೆ ಕತ್ತು ಕುಣಿಸುತ್ತ ಶುರುಮಾಡಿತು:

"ಯಾರೂ ನನ್ನ ಕರೆಯದ ಊರಿಗೆ
ಒಂದೇ ಟಿಕೆಟ್ ಕೊಡಿ,
ಕಿಟಕಿ ಪಕ್ಕದ ಸೀಟು ಕೊಡಿ,
ಮಡಿಲು ಖಾಲಿ ಇರಲಿ..."

ಮಾರ್ನಿಗೆ ಚಳಿ ಮರೆತುಹೋಯಿತು. ನಲ್ಲಿಯ ಸದ್ದಿನಲ್ಲಿ ತನಗೊಬ್ಬಳಿಗೇ ಹೇಳಿಕೊಂಡ ಪದ್ಯ ಅದು. ಯಾರಿಗೂ ಕೇಳದೆಂದು ನಂಬಿದ್ದಳು.

"ಆಮೇಲೆ ಏನು ಮಮ್ಮಿ?"

ಬೇರೆ ದಾರಿಯಿರಲಿಲ್ಲ. ಮಾರ್ನಿ ಮುಂದಿನ ಸಾಲು ಹೇಳಿದಳು, ಮಗು ಅದರ ಮುಂದಿನದನ್ನು ಹೇಳಿತು. ಅದು ಮುಗಿದ ಮೇಲೆ ಜ್ವರದ ಪದ್ಯ, ಹಾಲು ಬತ್ತಿದ್ದರ ಪದ್ಯ, ಕರ್ಟ್‌ನ ಮೇಲಿನ ಸಿಟ್ಟಿನ ಪದ್ಯ. ಅವಳು ಗುಟ್ಟಾಗಿ ಅತ್ತದ್ದೆಲ್ಲ ಎಲ್ಸಿಗೆ ಬಾಯಿಪಾಠವಾಗಿತ್ತು. ಆರ್ಲೋ ಅಂಗೈಯಿಂದ ಗಾಜಿಗೆ ತಾಳ ಬಡಿಯುತ್ತಿದ್ದ. ಮಾರ್ನಿಯ ಕಾಲ್ಬೆರಳುಗಳು ಜೋಮು ಹಿಡಿದವು. ಒಲೆಯ ಮೇಲೆ ಸೂಪು ಉಕ್ಕಿ ಸುಡುವುದು ಕಾಣುತ್ತಿತ್ತು. ಅವಳು ನಿಲ್ಲಿಸದೆ ಹೇಳುತ್ತಲೇ ಹೋದಳು.

ಅಡುಗೆಮನೆ ತುಂಬ ಹೊಗೆ, ಗಾಜಿನಾಚೆ ಸೊಸೆ, ನಡುವೆ ಊರಿನ ಪದ್ಯವನ್ನು ಎರಡನೇ ಸಲ ಒಪ್ಪಿಸುತ್ತಿದ್ದ ಮೊಮ್ಮಗಳು. ತನ್ನ ಕೀಲಿಯಿಂದ ಮುಂಬಾಗಿಲು ತೆಗೆದು ಒಳಗೆ ಬಂದ ವರ್ನಾ ಕಂಡದ್ದು ಇದನ್ನು. ಅವಳು ಒಲೆ ಆರಿಸಿದಳು, ಚಿಲಕ ಎಳೆದಳು, ಸೊಸೆಯ ಹೆಗಲಿಗೆ ತನ್ನ ಕೋಟು ಹೊದಿಸಿದಳು. ಬೆಚ್ಚಗಿನ ನೀರಿನಲ್ಲಿ ಅವಳ ಪಾದ ಇಡಿಸಿದ ಮೇಲೆಯೇ ಬಾಯಿ ತೆರೆದದ್ದು.

"ಹೊರಗೆ ಯಾಕೆ ಹೋದೆ?"

"ಒಂದು ಸಾಲು ಹೊಳೆದಿತ್ತು."

"ಸಾಲು!" ವರ್ನಾ ಕುರ್ಚಿಯಲ್ಲಿ ಕುಸಿದಳು. "ಮಡಿಲು ಖಾಲಿ ಇರಲಿ ಅಂತ ಮಗು ಬಾಯಲ್ಲಿ ಹೇಳಿಸ್ತೀಯಲ್ಲ, ಹುಡುಗಿ. ನಾನು ಮೂವರನ್ನ ಸಾಕಿದೆ. ಒಂದು ದಿನಾನೂ ನಂಗೆ ಹಾಗನ್ನಿಸಲಿಲ್ಲ."

"ಒಂದು ದಿನಾನೂ?"

ವರ್ನಾ ಎದ್ದು ಹೋಗಿ ಸುಟ್ಟ ಪಾತ್ರೆ ಉಜ್ಜತೊಡಗಿದಳು.

ಚರ್ಚಿನ ಪಾದ್ರಿಗೆ ಅವಳೇ ಫೋನು ಮಾಡಿ, ಸೊಸೆಗೆ ಮೈ ಸರಿಯಿಲ್ಲ ಎಂದಳು. ಕರ್ಟ್‌ಗೂ ಸುದ್ದಿ ಮುಟ್ಟಿಸಿದಳು. ಯಾವುದೋ ಬಂದರಿನಿಂದ ಮಾತಾಡಿದ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಮಕ್ಕಳು ಸ್ಕೂಲಿಗೆ ಹೋಗೋವರೆಗಾದ್ರೂ ಈ ಪದ್ಯಗಿದ್ಯ ನಿಲ್ಲಿಸೋಕಾಗಲ್ವಾ, ಮಾರ್ನಿ?"

"ನಾನು ಬರೀತಿಲ್ಲ ಕರ್ಟ್. ಅವು ತಾವೇ ಬರ್ತವೆ."

"ಬಂದ್ರೆ ಬರಲಿ, ಬಾಗಿಲು ತೆಗೀಬೇಡ" ಎಂದ ಕರ್ಟ್. ತಮಾಷೆ ಮಾಡಲು ನೋಡಿದ್ದ. ಅವಳು ಫೋನು ಇಟ್ಟಳು.

ಅದಾದ ಮೇಲೆ ಪಾತ್ರೆ ತೊಳೆಯುವಾಗ ಮಾರ್ನಿ ತುಟಿ ಬಿಗಿಹಿಡಿಯತೊಡಗಿದಳು. ಬಾಯಲ್ಲಿ ಇಟ್ಟುಕೊಳ್ಳದ ಸಾಲುಗಳು ಒಂದೊಂದಾಗಿ ಕಳೆದುಹೋದವು. ಎಲ್ಸಿ ಮಾತ್ರ ಕಾಲಿಗೆ ಜೋತುಬಿದ್ದು, "ಊರಿನದು ಹೇಳು ಮಮ್ಮಿ" ಎಂದು ಪೀಡಿಸುತ್ತಿದ್ದಳು.

ಜನವರಿಯಲ್ಲಿ ಹಡಗು ದಡಕ್ಕೆ ಬಂತು. ಕರ್ಟ್ ಮೊದಲು ಮಾಡಿದ ಕೆಲಸ ಚಿಲಕವನ್ನು ಮಗುವಿಗೆ ಎಟುಕದಷ್ಟು ಮೇಲೆ ಜಡಿದದ್ದು. ಆಮೇಲೆ, "ಹೋಗು, ಲೈಬ್ರರಿಯಲ್ಲಿ ಕೂತು ಬರಿ. ಮಕ್ಕಳನ್ನ ನಾನು ನೋಡ್ಕೋತೀನಿ" ಎಂದ. ಫೋನಿನಲ್ಲಿ ಆಡಿದ ಮಾತು ಅವನಿಗೂ ಚುಚ್ಚಿತ್ತೆಂದು ಕಾಣುತ್ತದೆ. ಮಾರ್ನಿ ಹೋದಳು. ಸರೋವರ ಕಾಣುವ ಕಿಟಕಿಯ ಪಕ್ಕ ಕೂತಳು, ಬಿಳಿ ಹಾಳೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಮರುವಾರವೂ ಅದೇ ಆಯಿತು. ಅದರ ಮುಂದಿನ ವಾರ ಎಚ್ಚರವಾಗಿಯೇ ಕೂತು, ಈ ಸಲವಾದರೂ ನೀರಿನ ಮೇಲೆ ಬರೆಯಬೇಕೆಂದು ಹಟ ಹಿಡಿದಳು. ಬಂದ ನಾಲ್ಕು ಸಾಲೂ ಆರ್ಲೋನ ಹೊಸ ಹಲ್ಲಿನ ಮೇಲಿದ್ದವು. ಸಿಟ್ಟಿನಿಂದ ಹಾಳೆ ಮುದುರಿದಳು. ಮತ್ತೆ ಬಿಡಿಸಿ, ಐದನೆಯ ಸಾಲು ಬರೆದಳು.

ಅವಳು ಬರೆದು ಕಳಿಸಿದ್ದ ಊರಿನ ಪದ್ಯ ವಸಂತದಲ್ಲಿ ಒಂದು ಸಣ್ಣ ಪತ್ರಿಕೆಯಲ್ಲಿ ಬಂತು. ವರ್ನಾ ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದಳು.

"ನನ್ನ ಹೆಸರು ಹಾಕಿಲ್ಲ ತಾನೆ?"

"ಇಲ್ಲ, ವರ್ನಾ."

"ಪುಣ್ಯ" ಎಂದಳು ವರ್ನಾ. ಪತ್ರಿಕೆಯನ್ನು ಮಾತ್ರ ವಾಪಸು ಕೊಡಲಿಲ್ಲ, ಕೈಚೀಲಕ್ಕೆ ಸೇರಿಸಿಕೊಂಡು ಹೊರಟಳು.

ಅಷ್ಟರಲ್ಲಿ ಮಂಜು ಕರಗಿತ್ತು, ಕರ್ಟ್ ಹಡಗು ಹತ್ತಿದ್ದ. ಲೈಬ್ರರಿಯ ಬೆಳಗುಗಳು ಅಲ್ಲಿಗೆ ಮುಗಿದವು. ಮಾರ್ನಿ ಆರ್ಲೋನನ್ನು ಸೊಂಟಕ್ಕೇರಿಸಿಕೊಂಡು ನಲ್ಲಿ ತಿರುಗಿಸಿದಳು. ಎಲ್ಸಿ ಸ್ಟೂಲು ಎಳೆದು ತಂದು ಪಕ್ಕದಲ್ಲಿ ಹತ್ತಿ ನಿಂತಳು.

"ಇವತ್ತು ಹೊಸದು ಹೇಳ್ತೀಯಾ?"

"ಬೇಡ ಪುಟ್ಟಿ, ಸುಮ್ನಿರು" ಎಂದಳು ಮಾರ್ನಿ. ಒಂದು ತಟ್ಟೆ ತೊಳೆದಿಟ್ಟಳು. ಆಮೇಲೆ ದನಿ ತಗ್ಗಿಸಿ ಹೇಳತೊಡಗಿದಳು.