ಕಾಕಾನ ಕೆಂಪು ಮುಖ

ಹಿಂದಿನ ಸೀಟಿನಲ್ಲಿ ಕೂತ ನನಗೆ ದಿನವೂ ಮೊದಲು ಕಾಣುತ್ತಿದ್ದುದು ಅವರ ಕಿವಿಗಳು. ಯಾರೋ ಆಗಷ್ಟೇ ಹಿಡಿದು ಹಿಂಡಿದ ಹಾಗೆ ಕೆಂಪು. ಸ್ಟಿಯರಿಂಗ್ ಮೇಲಿನ ಕೈ, ಮೂಗಿನ ತುದಿ, ಕನ್ನಡಿಯಲ್ಲಿ ಕಾಣುವ ಕಣ್ಣು ಎಲ್ಲಕ್ಕೂ ಅದೇ ಬಣ್ಣ. ದೋಹಾದ ಬಿಸಿಲಿಗೆ ನಾವೆಲ್ಲ ಕಪ್ಪಾದರೆ ಅವರೊಬ್ಬರು ಕೆಂಪಾಗುತ್ತಿದ್ದರು.

ಅವರು ನಮ್ಮ ಕಂಪನಿಯ ಡ್ರೈವರ್, ಗದಗ ಕಡೆಯವರು. ನಾನು ಕಾಪುವಿನವಳು. ಹಮದ್ ಬಂದರಿನ ಹತ್ತಿರದ ಆಫೀಸಿನಲ್ಲಿ ಸರಕಿನ ಕಾಗದಪತ್ರ ನೋಡುವ ಕೆಲಸ ನನ್ನದು. ಬಿನ್ ಮಹಮೂದ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ನಾನು, ನನ್ನ ಗಂಡ ಇದ್ದರೆ, ಎರಡು ಬೀದಿ ಆಚೆ ಮೂವರ ಜೊತೆ ಒಂದು ಕೋಣೆಯಲ್ಲಿ ಅವರಿದ್ದರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ನನ್ನ ‘ಉಂಟು’, ‘ಎಂತ’ಗಳನ್ನು ಕೇಳಿ ಅವರಿಗೆ ನಗು. ‘ನಿಮ್ಮದು ಪುಸ್ತಕದ ಕನ್ನಡ ತಂಗಿ, ಪರೀಕ್ಷಾ ಬರೆದಂಗ ಮಾತಾಡ್ತೀರಿ’ ಎನ್ನುತ್ತಿದ್ದರು. ಹಿಂದಿನಿಂದ ದೊಡ್ಡ ಗಾಡಿಯವರು ಹಾರ್ನ್ ಹೊಡೆದರೆ, ‘ಅವಸರ ಇದ್ರ ಮುಂಜಾನೆ ಲಗೂ ಏಳಬೇಕಿತ್ತು ಮಗನ’ ಎಂದು ತಣ್ಣಗೆ ಹೇಳಿ ದಾರಿ ಬಿಡುತ್ತಿದ್ದರು.

ನಾನು ಇಲ್ಲಿಗೆ ಬಂದ ಹೊಸತು. ಎರಡು ವರ್ಷದ ಮಗಳನ್ನು ಅಮ್ಮನ ಬಳಿ ಬಿಟ್ಟು ಬಂದಿದ್ದೆ. ಕಾರು ಹತ್ತಿದೊಡನೆ ಅಳು ಬರುತ್ತಿತ್ತು. ಕಾಕಾ ಏನೂ ಕೇಳಲಿಲ್ಲ. ‘ಆ ಕಡೆ ಸಿಗ್ನಲ್ ಭಾಳ ಅದಾವ, ಸುತ್ತ ಹಾಕಿ ಹೋಗೂಣು’ ಎಂದು ಕಾರ್ನಿಷ್ ಕಡೆಯಿಂದ, ಸಮುದ್ರದ ಪಕ್ಕದಲ್ಲಿ ನಿಧಾನವಾಗಿ ಓಡಿಸಿದರು. ಹೀಗೇ ಒಂದು ತಿಂಗಳು. ನಾನು ಅಳದೆ ಕೂತ ಮೊದಲ ದಿನ ಅವರು ನೇರ ದಾರಿ ಹಿಡಿದರು. ಆ ದಾರಿಯಲ್ಲಿ ಸಿಗ್ನಲ್ಲುಗಳೇನೂ ಹೆಚ್ಚಿರಲಿಲ್ಲ.

ಮೂರನೆಯ ವರ್ಷ ಅವರಿಗೆ ತಲೆನೋವು ಶುರುವಾಯಿತು. ಕೆಲವು ದಿನ ಕಾರನ್ನು ಬದಿಗೆ ಹಾಕಿ ಎರಡು ನಿಮಿಷ ಹಣೆ ಹಿಡಿದು ಕೂರುತ್ತಿದ್ದರು. ಬೇಸಿಗೆಯಲ್ಲಿ ಇಲ್ಲಿನ ನಲ್ಲಿಯಲ್ಲಿ ತಣ್ಣೀರೂ ಕುದಿದೇ ಬರುತ್ತದೆ. ‘ಝಳಕಾ ಮಾಡಿದ್ರ ಮೈಯೆಲ್ಲಾ ಕಡಿತದ ನೋಡು, ಟಾಕಿ ನೀರ ಸರಿ ಇಲ್ಲ’ ಎಂದು ಬಾಚಣಿಗೆಯಿಂದ ಮೊಣಕೈ ಕೆರೆದುಕೊಳ್ಳುತ್ತಿದ್ದರು. ನಾನು ಮೊಬೈಲ್ ನೋಡುತ್ತ ಹೂಂಗುಟ್ಟುತ್ತಿದ್ದೆ.

ಆಫೀಸಿನಲ್ಲಿ ಯಾರೋ ಅವರ ಮುಖದ ಬಗ್ಗೆ ಮಾತು ತೆಗೆದರು. ಒಂದು ದಿನ ಮ್ಯಾನೇಜರ್ ನನ್ನನ್ನು ಕರೆದು ಬಾಗಿಲು ಹಾಕಿದರು. ‘ನೀವು ದಿನಾ ಅವನ ಗಾಡಿಯಲ್ಲಿ ಬರುತ್ತೀರಿ. ಕುಡಿದಿರುತ್ತಾನಾ?’

ಕಾಕಾನ ಬಳಿ ನನಗೆ ಎಂದೂ ಹೆಂಡದ ವಾಸನೆ ಬಂದದ್ದಿಲ್ಲ. ಅವರು ಚಹಾ ಬಿಟ್ಟರೆ ಬೇರೇನೂ ಕುಡಿದದ್ದನ್ನು ನಾನು ನೋಡಿಲ್ಲ. ‘ಇಲ್ಲ ಸರ್’ ಎನ್ನಬೇಕಿತ್ತು, ಅಷ್ಟೇ. ಆದರೆ ನನ್ನ ವೀಸಾ ನವೀಕರಣದ ಕಾಗದ ಮ್ಯಾನೇಜರ್ ಮೇಜಿನ ಮೇಲಿತ್ತು. ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ ಎಂದು ಹೆದರಿದೆ.

‘ಗೊತ್ತಿಲ್ಲ ಸರ್’ ಎಂದೆ.

ಮರುವಾರ ಕಾಕಾನ ಕೈಯಿಂದ ಗಾಡಿಯ ಕೀಲಿ ಹೋಯಿತು. ಅವರನ್ನು ಕಂಟೇನರ್ ಯಾರ್ಡಿಗೆ ಹಾಕಿದರು. ಜೂನ್ ತಿಂಗಳು, ನೆರಳಿಲ್ಲದ ಕಾಂಕ್ರೀಟು. ಹನ್ನೊಂದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ತಲೆ ಹಿಡಿದುಕೊಂಡು ಬಿದ್ದರು. ಅವರ ಮಾತು ತಿಳಿಯುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಆಂಬುಲೆನ್ಸಿನಲ್ಲಿ ನನ್ನನ್ನು ಕಳಿಸಿದರು.

ಎಮರ್ಜೆನ್ಸಿಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಯುವ ಡಾಕ್ಟರೊಬ್ಬರು ಪರದೆಯ ಮೇಲಿನ ಬಿಳಿ ಗೆರೆಗಳನ್ನು ತೋರಿಸಿದರು. ಮಿದುಳಿನ ಸುತ್ತ ರಕ್ತಸ್ರಾವವಾದಂತಿದೆ, ಉಳಿಯುವುದು ಕಷ್ಟವಾಗಬಹುದು, ಮನೆಯವರಿಗೆ ತಿಳಿಸಿ ಎಂದರು. ನಾನು ಕಾಕಾನ ಫೋನಿನಿಂದಲೇ ಗದಗಕ್ಕೆ ಕರೆ ಮಾಡಿದೆ. ಅವರ ಹೆಂಡತಿ ‘ಏನ್ರಿ, ಇಷ್ಟೊತ್ತಿಗೆ?’ ಎಂದು ಗಂಡನ ಫೋನೆಂದೇ ನಗುತ್ತ ಎತ್ತಿದರು. ಆಮೇಲೆ ಆಚೆಯಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು.

ಒಂದು ಗಂಟೆ ಕಳೆದಿರಬಹುದು. ಸ್ಕ್ಯಾನ್ ವಿಭಾಗದ ಹಿರಿಯ ಡಾಕ್ಟರಮ್ಮ ಕೆಳಗಿಳಿದು ಬಂದರು, ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ. ಹಿಂದಿಯಲ್ಲಿ ನನ್ನನ್ನೇ ಕೇಳಿದರು: ‘ಇವರ ಮುಖ ಮೊದಲಿನಿಂದಲೂ ಇಷ್ಟು ಕೆಂಪೇ? ಸ್ನಾನ ಮಾಡಿದ ಮೇಲೆ ಮೈ ಕಡಿಯುತ್ತದೆ ಅನ್ನುತ್ತಿದ್ದರಾ?’

ಹೌದು ಎಂದೆ.

ಅವರು ಬಿಡಿಸಿ ಹೇಳಿದರು. ರಕ್ತ ಎಲ್ಲೂ ಸೋರಿಲ್ಲ. ಸೋರಿದ್ದರೆ ಒಂದು ಕಡೆ ಹರಡಿಕೊಂಡಿರುತ್ತಿತ್ತು. ಇಲ್ಲಿ ತಲೆಯೊಳಗಿನ ಎಲ್ಲ ನಾಳಗಳೂ ಒಂದೇ ಸಮ ಬೆಳ್ಳಗಿವೆ. ಎಲುಬಿನೊಳಗಿನ ಮಜ್ಜೆ ಕೆಂಪು ಕಣಗಳನ್ನು ಮಿತಿಮೀರಿ ಹುಟ್ಟಿಸುವ ಕಾಯಿಲೆ ಇದು. ರಕ್ತ ಅಷ್ಟು ದಪ್ಪವಾದರೆ ಸ್ಕ್ಯಾನಿನಲ್ಲಿ ರಕ್ತಸ್ರಾವದಂತೆಯೇ ಕಾಣುತ್ತದೆ. ಬಿಸಿಲಲ್ಲಿ ಬೆವರಿ ನೀರು ಕಳೆದುಕೊಂಡದ್ದರಿಂದ ಇನ್ನೂ ಗಟ್ಟಿಯಾಗಿದೆ. ‘ಎಷ್ಟು ದಿನದಿಂದ ಬಿಸಿಲಲ್ಲಿ ಕೆಲಸ?’ ಎಂದು ಕೇಳಿದರು. ದಿನಗಳನ್ನು ನಾನೇ ಲೆಕ್ಕ ಹಾಕಿ ಹೇಳಿದೆ.

ಸಲೈನ್ ಹಾಕಿ, ತೋಳಿನಿಂದ ಒಂದು ಚೀಲ ರಕ್ತ ತೆಗೆದರು. ಎರಡು ದಿನ ಬಿಟ್ಟು ಇನ್ನೊಂದು. ನಾಲ್ಕನೆಯ ದಿನ ಕಾಕಾ ದಿಂಬಿಗೊರಗಿ ಕೂತು ಗಂಜಿ ಕುಡಿಯುತ್ತಿದ್ದರು. ಕಿವಿಯ ಬಣ್ಣ ಸ್ವಲ್ಪ ಇಳಿದಿತ್ತು. ‘ನನ್ನ ರಕ್ತ ತಗದು ಚೆಲ್ತಾರಂತ ತಂಗಿ. ಮತ್ತೊಬ್ಬರಿಗೆ ಹಾಕಾಕೂ ಬರೂದಿಲ್ಲಂತ’ ಎಂದು ನಕ್ಕರು.

ಆಗ ನಾನು ಮ್ಯಾನೇಜರ್ ಕೋಣೆಯಲ್ಲಿ ಆಡಿದ ಮಾತನ್ನು ಹೇಳಿಬಿಟ್ಟೆ. ಕಾಕಾ ಬಟ್ಟಲನ್ನು ಪಕ್ಕಕ್ಕಿಟ್ಟರು.

‘ಗೊತ್ತಿಲ್ಲ ಅಂದಿ. ಸುಳ್ಳಂತೂ ಹೇಳಲಿಲ್ಲ ಬಿಡು’ ಎಂದರು. ಆಮೇಲೆ ನನ್ನತ್ತ ನೋಡದೆ, ‘ಆದ್ರ ಮೂರು ವರ್ಷ ದಿನಾ ನನ್ನ ಗಾಡ್ಯಾಗ ಕುಂತಿದ್ಯಲ್ಲ ತಂಗಿ’ ಎಂದರು.

ನನ್ನ ಮೇಲೆ ಅವರು ಎಂದೂ ದನಿ ಎತ್ತಿದವರಲ್ಲ. ಅಂದೂ ಎತ್ತಲಿಲ್ಲ.

ಕಾಯಿಲೆಯ ಕಾಗದ ಬಂದ ಮೇಲೆ ಕುಡುಕ ಎಂಬ ಮಾತು ಆಫೀಸಿನಲ್ಲಿ ನಿಂತಿತು. ಆದರೆ ಅದೇ ಕಾಗದ ನೋಡಿ, ಗಾಡಿ ಓಡಿಸಲು ಅನರ್ಹ ಎಂದರು. ಖಲಾಸ್. ಅವರನ್ನು ಊರಿಗೆ ಕಳಿಸಿದರು. ಏರ್‌ಪೋರ್ಟಿಗೆ ನಾನೂ ನನ್ನ ಗಂಡನೂ ಹೋಗಿದ್ದೆವು. ಹೊಸ ಡ್ರೈವರ್ ಓಡಿಸುತ್ತಿದ್ದ. ಕಾಕಾ ಮೊದಲ ಸಲ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಪ್ರತಿ ತಿರುವಿಗೂ ಕಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿದ್ದರು.

ಹುಬ್ಬಳ್ಳಿಯಲ್ಲಿ ಒಂದು ವರ್ಷ ಚಿಕಿತ್ಸೆ ನಡೆಯಿತು. ಆಗಾಗ ಫೋನ್ ಮಾಡಿ ನನ್ನ ಮಗಳ ಬಗ್ಗೆ ಕೇಳುತ್ತಿದ್ದರು. ಈ ವರ್ಷದ ಆರಂಭದಲ್ಲಿ ಆ ನಂಬರಿನಿಂದ ಅವರ ಹೆಂಡತಿ ಮಾತಾಡಿದರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಕಾಕಾ ಮೂರು ದಿನದ ಹಿಂದೆ ತೀರಿಕೊಂಡಿದ್ದರು. ‘ನಿಮ್ಮನ್ನ ಭಾಳ ನೆನಸ್ತಿದ್ರು. ಆ ತಂಗಿ ದವಾಖಾನಿಗೆ ಒಯ್ದು ನನ್ನ ಜೀವಾ ಉಳಿಸ್ಯಾಳ ಅಂತ ಎಲ್ಲರ ಮುಂದೂ ಹೇಳ್ತಿದ್ರು’ ಎಂದರು.

ನಾನು ಆಡಿದ ಮಾತನ್ನು ಕಾಕಾ ಮನೆಯಲ್ಲಿ ಹೇಳಿರಲೇ ಇಲ್ಲ. ಹೇಳದೆ ಇರಲು ನನ್ನಿಂದ ಆಗಲಿಲ್ಲ. ಅವರನ್ನು ಯಾರ್ಡಿಗೆ ಹಾಕಿದ್ದು ಹೇಗೆ, ನಾನು ಏನೆಂದೆ, ಎಲ್ಲ ಹೇಳಿದೆ.

‘ಅವರು ನಿಮ್ಮನ್ನ ಛಲೋನ ಅಂದು ಹ್ವಾದ್ರು. ನಾ ಏನ ಅನ್ಲಿ’ ಎಂದು ಅವರು ಫೋನ್ ಇಟ್ಟರು.