ನಿಂತಾಗ ಎಬ್ಬಿಸುತ್ತಿದ್ದ ಗಂಟೆ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯ ವಾಸನೆ ಎಷ್ಟು ವರ್ಷವಾದರೂ ಬದಲಾಗಿಲ್ಲ. ಮೊನ್ನೆ ಹುಣಸೂರಿನಲ್ಲಿರುವ ತಮ್ಮನ ಮನೆಗೆ ಹೋದಾಗ, ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಅದು ಮೂಗಿಗೆ ಬಡಿಯಿತು. ತಮ್ಮನ ಮಗಳು ಸಿಂಚನ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿಕೊಂಡು, ನಾಟಿ ಕೋಳಿಯ ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯೊಂದನ್ನು ಮಾಡುತ್ತಿದ್ದಳು. ಪೆಟ್ಟಿಗೆಯೊಳಗಿನ ಬಿಸಿಯನ್ನು ಗುರುತಿಸಲು ಬೇಕಾದ ಥರ್ಮಿಸ್ಟರ್ ಎಂಬ ಬಿಡಿಭಾಗ ಅಂದು ಬೆಳಿಗ್ಗೆಯಷ್ಟೇ ಪಾರ್ಸೆಲ್‌ನಲ್ಲಿ ಬಂದಿತ್ತಂತೆ. ಸಾಸಿವೆ ಕಾಳಿಗೆ ಎರಡು ತಂತಿಯ ಕಾಲು ಬಂದ ಹಾಗಿತ್ತು. ಬೇಕಿದ್ದದ್ದು ಒಂದು, ಬಂದದ್ದು ಒಂದು ಪೊಟ್ಟಣ. "ಒಂದೊಂದೇ ಕೊಡಲ್ಲ ಅತ್ತೆ. ಇಷ್ಟೂ ಸೇರಿ ಒಂದ್ ಪ್ಲೇಟ್ ಪಾನಿಪುರಿ ದುಡ್ಡೂ ಆಗ್ಲಿಲ್ಲ, ಮಿಕ್ಕಿದ್ದು ಬಿಸಾಕೋದೇ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಬಿಸಾಕ್ತೀಯಾ? ಬಿಸಾಕು, ನೋಡೇಬುಡ್ತೀನಿ" ಎಂದು ಗದರಿಬಿಟ್ಟೆ. ಪಾಪ, ಮಗು ಬೆಸುಗೆಯ ಕಡ್ಡಿ ಕೈಯಲ್ಲಿ ಹಿಡಿದುಕೊಂಡೇ ಮಿಕಿಮಿಕಿ ನೋಡಿತು. ಆ ಸಾಸಿವೆ ಕಾಳಿಗಾಗಿ ನಾನು ಅವಳ ವಯಸ್ಸಿನಲ್ಲಿ ನಾಲ್ಕು ತಾಲ್ಲೂಕಿನವರ ತಲೆ ತಿಂದಿದ್ದೆ, ಕೊನೆಗೂ ಅದು ಸಿಗಲಿಲ್ಲ ಎಂಬುದನ್ನು ಅವಳಿಗೆ ಎಲ್ಲಿಂದ ಶುರುಮಾಡಿ ಹೇಳುವುದು?

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ. ಮನೆಯ ಹಿತ್ತಲಿಗೆ ಹೊಂದಿಕೊಂಡು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ನೋಡದವರಿಗೆ ಹೇಳುವುದಾದರೆ, ಅದು ಮನೆಗಿಂತ ಎತ್ತರದ, ಕಿಟಕಿಯಿಲ್ಲದ ಒಂದು ಮಣ್ಣುಗೋಡೆಯ ಕೋಣೆ. ಹೊಲದಿಂದ ಮುರಿದು ತಂದ ಹಸಿ ಎಲೆಯನ್ನು ಅವ್ವ, ಅಜ್ಜಿ, ಕೇರಿಯ ಹೆಂಗಸರೆಲ್ಲ ಕೂತು ಕಡ್ಡಿಗಳಿಗೆ ಕಟ್ಟುತ್ತಿದ್ದರು. ಆ ಕಡ್ಡಿಗಳನ್ನು ಒಳಗೆ ಸೂರಿನವರೆಗೂ ಸಾಲಾಗಿ ಜೋಡಿಸಿ, ಬಾಗಿಲು ಮುಚ್ಚಿ, ಹೊರಗಿನ ಒಲೆಗೆ ಸೌದೆ ಕೊಡುತ್ತಾ ಹೋದರೆ ಎಲೆ ಮೊದಲು ಹಳದಿಗೆ ತಿರುಗಿ, ಆಮೇಲೆ ಒಣಗಿ, ಕೊನೆಗೆ ಅದರ ದಂಟೂ ಗರಿಗರಿಯಾಗುತ್ತಿತ್ತು. ಆ ದಿನಗಳಲ್ಲಿ ಬೆಲ್ಲದ ಪಾಕವನ್ನು ಒಣಹುಲ್ಲಿನ ಮೇಲೆ ಚೆಲ್ಲಿದಂಥ ಸಿಹಿ ವಾಸನೆ ನಮ್ಮ ಬಟ್ಟೆಗೆ, ತಲೆಗೂದಲಿಗೆ, ಸ್ಕೂಲಿನ ಪುಸ್ತಕಕ್ಕೆ ಎಲ್ಲಕ್ಕೂ ಹತ್ತಿಕೊಳ್ಳುತ್ತಿತ್ತು. ಬ್ಯಾರನ್ನಿನ ಯಜಮಾನಿಕೆ ನಮ್ಮ ತಾತನದು. ಒಲೆಯ ಎದುರಿನ ಹೊಂಗೆ ಮರದ ಕೆಳಗೆ ಹಗ್ಗದ ಮಂಚ ಹಾಕಿಕೊಂಡು ಕೂರುತ್ತಿದ್ದ. ಒಲೆಗೆ ಪೂಜೆ ಮಾಡಿ, ಕಾಯಿ ಒಡೆದು, ಮೊದಲ ಕಿಡಿ ತಾಗಿಸುವುದು ಅವನೇ. ಹಾಗೆ ಬೆಂಕಿ ಬಿದ್ದ ಮೇಲೆ ಸೊಪ್ಪು ಬೆಂದು ಮುಗಿಯುವವರೆಗೂ ಯಾರೇ ಬಂದರೂ ಬಾಗಿಲು ತೆಗೆಯುವಂತಿರಲಿಲ್ಲ. ಒಳಗಿನ ಬಿಸಿಯನ್ನು ಗೋಡೆಯಲ್ಲಿದ್ದ ಗಾಜಿನ ಕಿಂಡಿಯಿಂದ ಇಣುಕಿ, ಅಲ್ಲಿ ನೇತುಹಾಕಿದ್ದ ಥರ್ಮಾಮೀಟರ್ ನೋಡಿಯೇ ತಿಳಿಯಬೇಕಿತ್ತು.

ನಾನು ಹೈಸ್ಕೂಲಿನಲ್ಲಿದ್ದ ವರ್ಷ ತಾತನಿಗೆ ಅದರ ಅಂಕಿ ಕಾಣುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಗೊತ್ತಿದ್ದದ್ದು ನನ್ನೊಬ್ಬಳಿಗೆ. ಒಂದು ಸಂಜೆ ನಾನು ಪಕ್ಕದಲ್ಲಿದ್ದಾಗ ಕಿಂಡಿಯಲ್ಲಿ ಇಣುಕಿ "ನೂರೈದು" ಎಂದು ಗಟ್ಟಿಯಾಗಿ ಹೇಳಿದ. ನಾನು ಇಣುಕಿದರೆ ಪಾದರಸ ನೂರಿಪ್ಪತ್ತು ದಾಟಿತ್ತು. ನಾನು ಹೇಳಿದ ತಕ್ಷಣ ತಾತ ಸೌದೆ ಎಳೆದ. ಆಮೇಲೆ ನನ್ನ ಭುಜ ಹಿಡಿದು, "ಯಾರ್ಗೂ ಏಳ್ಬ್ಯಾಡ ಮಗಾ. ನಿಮ್ ಚಿಕ್ಕಪ್ಪಂಗಂತೂ ಏಳ್ಲೇಬ್ಯಾಡ" ಎಂದ. ಚಿಕ್ಕಪ್ಪ ಆಗಲೇ ಹಿಂದಿನ ಬೇಯಿಕೆಯ ಸೊಪ್ಪು ಕಂದಾಗಿದ್ದಕ್ಕೆ ಹಾರಾಡುತ್ತಿದ್ದ. ಮುಂದಿನ ಸಲಕ್ಕೆ ಹೊರಗಿನಿಂದ ಒಬ್ಬನನ್ನು ಕರೆದುಕೊಂಡು ಬಂದು ಬೆಂಕಿಗೆ ಕೂರಿಸುತ್ತೇನೆ, ಅಪ್ಪಯ್ಯ ಸುಮ್ಮನೆ ಮನೆಯಲ್ಲಿರಲಿ ಎಂದು ಅವ್ವನ ಹತ್ತಿರ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ. ಆ ಮಂಚ ಬಿಟ್ಟರೆ ತಾತ ಎಲ್ಲಿ ಕೂರುತ್ತಾನೆ? ನನಗೆ ಯೋಚಿಸಲಿಕ್ಕೂ ಆಗಲಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಬಿಸಿ ಹೆಚ್ಚಾದರೆ ಕೂಗಿಕೊಳ್ಳುವ ಬಜರ್ ಒಂದನ್ನು ಮಾಡುವ ಬಗೆಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಅದನ್ನು ಬ್ಯಾರನ್ನಿನೊಳಗೆ ನೇತುಹಾಕಿದರೆ ತಾತ ಕಿಂಡಿಯಲ್ಲಿ ಇಣುಕುವ ನಾಟಕವೇ ಬೇಡ ಎಂದು ನನಗೆ ಹೊಳೆಯಿತು. ಟಾರ್ಚಿನ ಸೆಲ್ಲು ಮನೆಯಲ್ಲೇ ಇತ್ತು. ಬಜರ್ ತಮ್ಮನ ಮುರಿದ ಆಟಿಕೆ ಕಾರಿನಲ್ಲಿ ಸಿಕ್ಕಿತು, ಟ್ರಾನ್ಸಿಸ್ಟರ್ ಅಟ್ಟದ ಮೇಲಿನ ರೇಡಿಯೊದಿಂದ. ಸಿಗದೆ ಹೋದದ್ದು ಬಿಸಿಯನ್ನು ಗುರುತಿಸುವ ಆ ಸಾಸಿವೆ ಕಾಳು ಒಂದೇ. ಹುಣಸೂರಿನ ರೇಡಿಯೊ-ಟಿ.ವಿ. ರಿಪೇರಿ ಅಂಗಡಿಯವರು ಮುಖ ಎತ್ತದೆ, "ಬಿಡಿ ಸಾಮಾನು ಮಾರಲ್ಲ ಕಣಮ್ಮ. ಸೆಟ್ ತಕೊಂಡ್ ಬಾ, ರಿಪೇರಿ ಮಾಡ್ಕೊಡ್ತೀನಿ" ಎಂದರು. ಸೆಟ್ಟೇ ಇಲ್ಲ, ಮಾಡಬೇಕಾಗಿರುವುದೇ ಸೆಟ್ಟು ಎಂದರೆ, "ಅಂಗಾದ್ರೆ ಮಾಡ್ಕೊಂಡ್ ಬಾ, ಕೆಟ್ಟೋದ್ರೆ ನೋಡಾಣ" ಎಂದರು. ಮೈಸೂರಿಗೆ ಹೋಗುತ್ತಿದ್ದ ನೆಂಟರೊಬ್ಬರಿಗೆ ಚೀಟಿ ಬರೆದುಕೊಟ್ಟೆ. ಅಲ್ಲಿಯ ಅಂಗಡಿಯವರು ಒಂದಕ್ಕೆಲ್ಲ ತರಿಸುವುದಿಲ್ಲ, ಡಬ್ಬಿಗಟ್ಟಲೆ ಆದರೆ ಹೇಳಿ ಎಂದರಂತೆ. ಬರಿಗೈಯಲ್ಲಿ ಬರಬಾರದೆಂದು ನೆಂಟರು ಅದೇ ಥರ ಎರಡು ಕಾಲಿರುವ ಬೇರೆ ಏನನ್ನೋ ತಂದುಕೊಟ್ಟು, ಕಾಫಿ ಕುಡಿದು ಹೋದರು. ಕೆ.ಆರ್. ನಗರದಲ್ಲಿದ್ದ ಅತ್ತೆ ಅಲ್ಲಿನ ಗಡಿಯಾರ ರಿಪೇರಿಯವರನ್ನು ಕೇಳಿ ಗಡಿಯಾರದ ಮುಳ್ಳು ಕಳಿಸಿದರು. ಸಾಲಿಗ್ರಾಮದಿಂದ ನನ್ನ ಗೆಳತಿಯ ಅಣ್ಣ ಜ್ವರ ನೋಡುವ ಥರ್ಮಾಮೀಟರ್ ತಂದ. ಅಷ್ಟರಲ್ಲಿ ಎರಡು ಬೇಯಿಕೆ ಮುಗಿದಿದ್ದವು. ಪ್ರತಿ ಸಲವೂ ಯಾವುದೋ ಒಂದು ತಪ್ಪು ಸಾಮಾನು ಬರುತ್ತಿತ್ತು, ಅದೂ ಬಾಗಿಲು ಮುಚ್ಚಿ ಬೆಂಕಿ ಬಿದ್ದ ಮಾರನೆಯ ದಿನವೇ ಬರುತ್ತಿತ್ತು. ನಾನು ಹಲ್ಲು ಕಡಿದುಕೊಂಡು ಸ್ಕೂಲಿನಿಂದ ಓಡಿ ಬಂದು ಕಿಂಡಿಯಲ್ಲಿ ಇಣುಕಿ ತಾತನ ಕಿವಿಯಲ್ಲಿ ಅಂಕಿ ಹೇಳುತ್ತಿದ್ದೆ. ನಾನು ಸ್ಕೂಲಿನಲ್ಲಿದ್ದ ಹೊತ್ತಿಗೆ ದೇವರೇ ಗತಿ.

ಕೊನೆಯ ಬೇಯಿಕೆಯ ಹೊತ್ತಿಗೆ ಎಚ್.ಡಿ. ಕೋಟೆಯ ಸೋದರಮಾವನಿಂದ ಒಂದು ಸುದ್ದಿ ಬಂತು. ಅವರ ಮನೆಯ ಕಲರ್ ಟಿ.ವಿ. ಸಿಡಿಲಿಗೆ ಸುಟ್ಟುಹೋಗಿತ್ತು, ಅದರೊಳಗೆ ಬಿಸಿಗೆ ಬದಲಾಗುವ ಒಂದು ಸಾಮಾನು ಇದೆ ಎಂದು ಅಲ್ಲಿನ ರಿಪೇರಿಯವರು ಹೇಳಿದ್ದರು. ಆದರೆ ಆ ಟಿ.ವಿ.ಯನ್ನು ಬಿಚ್ಚಲು ಮಾವನ ಹೆಂಡತಿ, ಅಲ್ಲಿಯ ಅತ್ತೆ, ಒಪ್ಪುತ್ತಿರಲಿಲ್ಲವಂತೆ. ಸತ್ತ ಟಿ.ವಿ.ಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಆಯುಧಪೂಜೆಗೆ ಕುಂಕುಮ ಇಟ್ಟು, ಹೂವು ಮುಡಿಸಿ ನಡುಮನೆಯಲ್ಲಿ ಕೂರಿಸಿದ್ದರು. ಪೂಜೆಗೆ ಕೂತದ್ದರ ಹೊಟ್ಟೆ ಸೀಳುವುದುಂಟೇ? ಆಗ ಹೊರಟವನು ತಾತ. ಬೀಗರ ಮನೆಯ ಹೊಸ್ತಿಲಲ್ಲಿ ಒಂದು ಲೋಟ ಮಜ್ಜಿಗೆಯನ್ನೂ ಬಾಯಿಬಿಟ್ಟು ಕೇಳದ ಮನುಷ್ಯ ಬೆಳಗಿನ ಬಸ್ಸು ಹತ್ತಿ ಕೋಟೆಗೆ ಹೋದ. ಅಂದೇ ಬ್ಯಾರನ್ನಿಗೆ ಸೊಪ್ಪು ತುಂಬಿತ್ತು. ತಾತನಿಲ್ಲದೆ ಬೆಂಕಿ ಹಚ್ಚುವಂತಿಲ್ಲ. ಚಿಕ್ಕಪ್ಪ ಅಂಗಳದಲ್ಲಿ ಶತಪಥ ಹಾಕುತ್ತಾ, "ಸೊಪ್ಪು ಬಾಡ್ತಾ ಕೂತದೆ, ಇವಯ್ಯ ಬೀಗರ ಮನೇಲಿ ಬಾಡೂಟ ಹೊಡೀತಾ ಕೂತವ್ನೆ" ಎಂದು ಎಲ್ಲರ ಮೇಲೂ ರೇಗುತ್ತಿದ್ದ. ಬಾಡೂಟವೂ ಆಗಿತ್ತು, ಸುಳ್ಳಲ್ಲ. ಕೋಳಿ ಕುಯ್ದು ಬಡಿಸಿ, ಯಾವುದೋ ದೊಡ್ಡ ಮಾತಿಗೇ ಬಂದಿರಬೇಕೆಂದು ಅವರೆಲ್ಲ ಕಾಯುತ್ತಿದ್ದರೆ, ಕೈ ತೊಳೆದ ಮೇಲೆ ತಾತ, "ಏನಿಲ್ಲ ಕಣವ್ವ, ನಿಮ್ ಟಿ.ವಿ. ಒಟ್ಟೆ ಒಳಗಿಂದು ಒಂದ್ ಸಾಮಾನು ಬೇಕಿತ್ತು, ನಮ್ ಮಗೀಗೆ" ಎಂದನಂತೆ. ಅತ್ತೆ ನಕ್ಕೂ ನಕ್ಕೂ, ತಾವೇ ಹೂವು ತೆಗೆದು ಬಟ್ಟೆ ಸರಿಸಿದರಂತೆ.

ದೀಪ ಹಚ್ಚುವ ಹೊತ್ತಿಗೆ ತಾತ ಬಂದ. ಅಂಗಿಯ ಜೇಬಿನಿಂದ ತೆಗೆದದ್ದು ಸಾಸಿವೆ ಕಾಳಲ್ಲ, ಪುಟ್ಟ ಕಪ್ಪು ಪೆಟ್ಟಿಗೆ. ಬಜರಿಗೂ ಸೆಲ್ಲಿಗೂ ನಡುವೆ ಅದನ್ನು ಸೇರಿಸಿದೆ. ಸೇರಿಸಿದ ಕೂಡಲೇ ಕೊಂಯ್ ಎಂದು ಕೂಗತೊಡಗಿತು. ಬಿಸಿಯೇ ತಾಗಿಲ್ಲ, ಆಗಲೇ ಕೂಗು! ಅಡುಗೆಮನೆಯ ಒಲೆಯ ಮೇಲಿನ ಹಂಚಿನ ಹತ್ತಿರ ಹಿಡಿದರೆ ಸದ್ದು ಕುಗ್ಗುತ್ತಾ ಕುಗ್ಗುತ್ತಾ ನಿಂತೇಹೋಯಿತು. ತಣ್ಣಗಾದರೆ ಮತ್ತೆ ಕೊಂಯ್. ನನಗೆ ಬೇಕಾಗಿದ್ದದ್ದರ ಪೂರಾ ಉಲ್ಟಾ. ಇಷ್ಟು ಜನರನ್ನು ಕಾಡಿ, ತಾತನನ್ನು ಬೀಗರ ಮನೆಗೆ ಕಳಿಸಿ, ತಂದದ್ದು ಸುಮ್ಮನಿರಬೇಕಾದಾಗ ಕೂಗಿ ಕೂಗಬೇಕಾದಾಗ ಸುಮ್ಮನಾಗುವ ಪೀಡೆಯನ್ನು. ನಾನು ಅದನ್ನು ನೆಲಕ್ಕೆ ಬಿಸಾಡಿ ಗೊಳೋ ಎಂದು ಅತ್ತುಬಿಟ್ಟೆ. ತಾತ ಬಗ್ಗಿ, ನೆಲ ತಡವಿ, ಅದನ್ನು ಎತ್ತಿಕೊಂಡ. "ಅಳ್ಬ್ಯಾಡ ಬುಡು. ದನ ಮೇಯ್ಸೋವಾಗ ನಾನೇನ್ ಕಣ್ ಬುಟ್ಕೊಂಡ್ ಕೂತಿದ್ನಾ? ಕೊಳ್ ಗಂಟೆ ಸದ್ದು ಬತ್ತಾ ಇದ್ರೆ ದನ ಇಲ್ಲೇ ಅವೆ ಅಂತ ಮನಿಕ್ಕತ್ತಿದ್ದೆ. ಸದ್ದು ನಿಂತ್ರೆ ಎಚ್ಚರಾಗೋದು. ಇದೂ ಅಂಗೇ ಬಡ್ಕಂಡಿರ್ಲಿ" ಎಂದ. ಬಾಗಿಲು ಮುಚ್ಚುವ ಮುಂಚೆ ನಾನೇ ಏಣಿ ಹತ್ತಿ ಆ ಕಪ್ಪು ಪೆಟ್ಟಿಗೆಯನ್ನು ಒಳಗೆ ನೇತುಹಾಕಿ, ತಂತಿಯನ್ನು ಕಿಂಡಿಯ ಸಂದಿಯಿಂದ ಹೊರಗೆಳೆದು ಬಜರನ್ನು ಮಂಚದ ಕಾಲಿಗೆ ಕಟ್ಟಿದೆ. ತಾತ ಕಾಯಿ ಒಡೆದು ಬೆಂಕಿ ತಾಗಿಸಿದ.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯವರು ಪಟ್ಟ ಪಾಡು ಹೇಳತೀರದು. ಊಟ ಮಾಡುವಾಗ ಕೊಂಯ್, ದೇವರಿಗೆ ಕೈಮುಗಿಯುವಾಗ ಕೊಂಯ್. ಎಮ್ಮೆ ಸರಿಯಾಗಿ ಹಾಲು ಕೊಡಲಿಲ್ಲ. ಅಜ್ಜಿ ಕಿವಿಗೆ ಹತ್ತಿ ತುರುಕಿಕೊಂಡು, "ಆ ಪೀಡೆ ಗಂಟ್ಲು ಇಸುಕ್ರೋ" ಎಂದು ಬೈದರೆ, ಚಿಕ್ಕಪ್ಪ ತಂತಿ ಕೀಳಲು ಎರಡು ಸಲ ಬಂದು ತಾತನ ಕೋಲು ನೋಡಿ ವಾಪಸು ಹೋದ. ಪಕ್ಕದ ಮನೆಯವರು ಮಾತೇ ಬಿಟ್ಟರು. ಆ ಸದ್ದಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಿದವನು ತಾತ ಒಬ್ಬನೇ.

ದಂಟು ಒಣಗಿಸುವ ಕೊನೆಯ ದಿನ ಭಾನುವಾರ. ಬೆಂಕಿ ಜೋರಾಗಿ ಇರಬೇಕಾದದ್ದೂ, ಸ್ವಲ್ಪ ಮಿತಿ ಮೀರಿದರೆ ಬ್ಯಾರನ್ನೇ ಹತ್ತಿ ಉರಿಯುವುದೂ ಆ ದಿನವೇ. ಮಧ್ಯಾಹ್ನ ಮುದ್ದೆ ಉಂಡು ಎಲ್ಲರೂ ಅಲ್ಲಲ್ಲೇ ಒರಗಿದ್ದೆವು. ಚಿಕ್ಕಪ್ಪ ಸೌದೆ ತುಂಬಿ ಬಂದು ಜಗುಲಿಯಲ್ಲಿ ಮಲಗಿದ್ದ. ಸದ್ದು ಸಣ್ಣಗಾಯಿತು, ಎಳೆದಂತಾಯಿತು, ನಿಂತಿತು. ನಮಗೆಲ್ಲ ಅಬ್ಬಾ ಎನ್ನಿಸಿತು. ಅಜ್ಜಿ ಕಿವಿಯ ಹತ್ತಿ ತೆಗೆದಳು. ಅಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ ತಾತ ಮಂಚದಿಂದ ನೆಗೆದು, "ಉರಿ ಎಳೀರ್ಲಾ!" ಎಂದು ಕಿರುಚಿದ. ಕಣ್ಣು ಕಾಣದವನು ಬರಿಗೈಯಲ್ಲಿ ಉರಿಯುವ ಕೊರಡು ಎಳೆದು ಬಿಸಾಡುತ್ತಿದ್ದ. ಕಿಂಡಿಯಲ್ಲಿ ಇಣುಕಿದ ಚಿಕ್ಕಪ್ಪನ ಮುಖ ಬೆಳ್ಳಗಾಯಿತು. ಬಕೆಟ್ಟುಗಟ್ಟಲೆ ನೀರು ಎರಚಿ ಬೆಂಕಿ ತಗ್ಗಿಸಿದ್ದಾಯಿತು. ಬಹಳ ಹೊತ್ತಿನ ಮೇಲೆ ಬಜರ್ ಮತ್ತೆ ಕೊಂಯ್ ಎಂದಾಗ ಯಾರೂ ಬೈಯಲಿಲ್ಲ. ಚಿಕ್ಕಪ್ಪ ತಾತನ ಸುಟ್ಟ ಅಂಗೈಗೆ ಬೆಣ್ಣೆ ಸವರುತ್ತಾ, "ಮುಂದಿನ್ ಸಲನೂ ನೀನೇ ಕೂತ್ಕೊಳಪ್ಪಯ್ಯ" ಎಂದ. ಹೊರಗಿನವನನ್ನು ಕರೆಸುವ ಮಾತು ಅಲ್ಲಿಗೆ ಮುಗಿಯಿತು.

ತಾತ ಇರುವ ತನಕ ಆ ಮಂಚದಲ್ಲೇ ಕೂತ. ಅವನು ಹೋದ ಮೇಲೆ ಕೆಲವು ವರ್ಷ ಚಿಕ್ಕಪ್ಪ ನಡೆಸಿ, ಸೌದೆಯೂ ಆಳೂ ಗಿಟ್ಟದೆ ಹೊಗೆಸೊಪ್ಪು ಬಿಟ್ಟ. ಬ್ಯಾರನ್ ಇದ್ದ ಜಾಗದಲ್ಲಿ ಈಗ ಶುಂಠಿ ತುಂಬುವ ಶೆಡ್ಡು ಇದೆ. ಅಜ್ಜಿಯ ಬೈಗುಳ, ಕಡ್ಡಿ ಕಟ್ಟುವ ಹೆಂಗಸರ ಹಾಡು, ಚಿಕ್ಕಪ್ಪನ ಹಾರಾಟ, ಯಾವುದೂ ಒಂದೇ ದಿನ ನಿಲ್ಲಲಿಲ್ಲ. ಸಣ್ಣಗಾಗುತ್ತಾ ಬಂದು ನಿಂತವು. ನಿಮ್ಮ ಮನೆಯಲ್ಲೂ ಹಾಗೇ ಆಗಿರಬೇಕು. ಇದ್ದಾಗ ತಲೆ ಚಿಟ್ಟು ಹಿಡಿಸುತ್ತಿದ್ದ ಸದ್ದುಗಳು ಅವು. ನನಗೆ ಆ ಮನೆಯ ಮೇಲಿನ ಪ್ರೀತಿ ತಿಳಿದದ್ದು ಅವೆಲ್ಲ ನಿಂತ ಮೇಲೆ.

ಇದನ್ನೆಲ್ಲ ಅರ್ಧಂಬರ್ಧ ಹೇಳಿ ಮುಗಿಸುವಷ್ಟರಲ್ಲಿ ಸಿಂಚನಳ ಪೆಟ್ಟಿಗೆ ಸಿದ್ಧವಾಗಿತ್ತು. "ಇದು ಬಿಸಿ ಜಾಸ್ತಿ ಆದ್ರೆ ಮಾತ್ರ ಕೂಗೋದು ಅತ್ತೆ. ಇಡೀ ದಿನ ಕೂಗಿದ್ರೆ ಯಾರ್ ತಡ್ಕೋತಾರೆ" ಎಂದು, ಪರೀಕ್ಷೆಗೆಂದು ಬೆಸುಗೆಯ ಕಡ್ಡಿಯನ್ನು ಆ ಸಾಸಿವೆ ಕಾಳಿನ ಹತ್ತಿರ ಹಿಡಿದಳು. ಬಜರ್ ಕೊಂಯ್ ಎಂದಿತು. ಸರಿಯಾಗಿದೆ ಎಂದು ನಕ್ಕು ಕಡ್ಡಿಯನ್ನು ಹಿಂದಕ್ಕೆಳೆದಳು. ಸದ್ದು ನಿಂತಿತು. "ಯಾಕತ್ತೆ, ಏನಾಯ್ತು?" ಎಂದು ಅವಳು ಕೇಳಿದಾಗ ನೋಡಿಕೊಂಡೆ, ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.